ಆಂಟಿವೈರಸ್ ಆಫ್ ಮಾಡಿ ಅಂದ ಕನ್ನಡಿಗ

ಬ್ಲೌಸ್ ಡಿಸೈನ್ ಹುಡುಕುತ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಕಂಪ್ಯೂಟರಿನ ಪರದೆಯೆಲ್ಲ ಕೆಂಪಾಗಿ, ಸೈರನ್ ಕೂಗತೊಡಗಿತು. ‘ವೈರಸ್ ಬಂದಿದೆ, ಆಫ್ ಮಾಡಬೇಡಿ, ಕೂಡಲೇ ಕರೆ ಮಾಡಿ’ ಅಂತ ಒಂದು ನಂಬರು. ನಾನು ಬೇಡ ಅನ್ನುವಷ್ಟರಲ್ಲಿ ನಮ್ಮ ಯಜಮಾನರು ಫೋನ್ ಮಾಡಿಯೇಬಿಟ್ಟರು.

ಆ ಕಡೆಯವನದು ಅಚ್ಚ ಕನ್ನಡ. ನಾವಿರುವ ಬೆಂಗಳೂರಿನ ಹಲಸೂರಿನಲ್ಲಿ ಅಂಗಡಿಗೆ ಹೋದರೆ ತಮಿಳು, ಆಟೊ ಹತ್ತಿದರೆ ಉರ್ದು, ಫೋನ್ ಎತ್ತಿದರೆ ಹಿಂದಿ ಕೇಳಿ ಕೇಳಿ ಸಾಕಾಗಿದ್ದ ಯಜಮಾನರು ಕರಗಿಯೇ ಹೋದರು. ‘ನಮ್ಮೋರು ಕಣೇ!’ ಅಂತ ನನ್ನ ಕಡೆ ತಿರುಗಿ ಕಣ್ಣರಳಿಸಿದರು.

‘ಸರ್, ನಿಮ್ಮ ಆಂಟಿವೈರಸ್ ಅಡ್ಡ ಬರ್ತಿದೆ. ಮೊದಲು ಅದನ್ನ ಆಫ್ ಮಾಡಿ, ಆಮೇಲೆ ನಾನು ಹೇಳೋ ಆ್ಯಪ್ ಹಾಕ್ಕೊಳ್ಳಿ’ ಅಂದ ಅವನು. ಯಜಮಾನರ ಕೈ ಆಗಲೇ ಮೌಸಿನ ಮೇಲಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕಿತ್ತುಕೊಂಡೆ. ‘ಮನೆ ಕಾಯೋಕೆ ಬಂದೋನು ನಾಯಿ ಕಟ್ಟಾಕಿ ಅಂತೀಯಾ? ಇಡೋ ಫೋನು!’ ಅಂದವಳೇ ಕಂಪ್ಯೂಟರಿನ ಪ್ಲಗ್ ಎಳೆದು ಬಿಸಾಕಿದೆ. ಸೈರನ್ ನಿಂತಿತು. ಮತ್ತೆ ಆನ್ ಮಾಡಿದಾಗ ಏನೂ ಆಗಿರಲಿಲ್ಲ.

ಇನ್ನೂ ದೊಡ್ಡ ಆಂಟಿವೈರಸ್ ಹಾಕಿಸಿ ಅಂತ ಪಕ್ಕದ ಮನೆಯವರು ಈಗಲೂ ಹೇಳುತ್ತಾರೆ. ನಾನಂತೂ ಹಾಕಿಸಲ್ಲ. ಕಂಪ್ಯೂಟರಿನ ಜೊತೆಗೇ ಬಂದದ್ದನ್ನು ತಪ್ಪದೆ ಅಪ್‌ಡೇಟ್ ಮಾಡುತ್ತೇನೆ, ನನಗೆ ಅಷ್ಟು ಸಾಕು. ಅದನ್ನು ಆಫ್ ಮಾಡುವ ಕೈ ಮನೆಯೊಳಗೇ ಇರುವಾಗ ಎಷ್ಟು ದೊಡ್ಡದು ತಂದರೇನು? ಎಷ್ಟೇ ಚೆಂದದ ಕನ್ನಡದಲ್ಲಿ ಕೇಳಿದರೂ ಬೀಗದ ಕೈ ಕೊಡಬೇಡಿ ಅಂತ ಯಜಮಾನರಿಗೆ ಹೇಳಿಬಿಟ್ಟಿದ್ದೇನೆ, ಅದೂ ಕನ್ನಡದಲ್ಲೇ.