ಫೋನ್ ಹೊಡೆದುಕೊಂಡರೆ ಬೀಳುತ್ತಿದ್ದ ನನ್ನ ತಂಗಿ

ತೊಂಬತ್ತರ ದಶಕದಲ್ಲಿ ಸಂಸೆಯ ನಮ್ಮ ಮನೆಗೆ ಫೋನು ಬಂತು. ಅದು ಹೊಡೆದುಕೊಂಡಾಗ ಹತ್ತಿರವಿದ್ದರೆ, ಪಿಯುಸಿ ಓದುತ್ತಿದ್ದ ನನ್ನ ತಂಗಿ ಒಮ್ಮೊಮ್ಮೆ ದೊಪ್ಪನೆ ಬಿದ್ದುಬಿಡುತ್ತಿದ್ದಳು. ಕೈಕಾಲು ಅದುರಿ, ಸ್ವಲ್ಪ ಹೊತ್ತಿಗೆ ತಾನೇ ಕಣ್ಣು ಬಿಡುತ್ತಿದ್ದಳು.

ಮೂಡಿಗೆರೆಯ ಡಾಕ್ಟರು ಮೂರ್ಛೆರೋಗವೆಂದು ಮಾತ್ರೆ ಕೊಟ್ಟರು. ಅದನ್ನು ನುಂಗಿ ಅವಳು ಕ್ಲಾಸಿನಲ್ಲಿ ತೂಕಡಿಸಿದಳೇ ಹೊರತು ಬೀಳುವುದು ನಿಲ್ಲಲಿಲ್ಲ. ಮತ್ತೆ ಹೋದಾಗ ಅವರು ಅವಳ ಮುಖವನ್ನೂ ನೋಡದೆ ಅಪ್ಪನಿಗೆ ಹೇಳಿದರು: “ಇದು ಮನಸ್ಸಿಂದು. ಮದುವೆ ಮಾಡಿ, ಸರಿ ಹೋಗ್ತದೆ.”

ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು. “ಎಂತ ಕಾಯಿಲೆ ಮಾರಾಯ, ಬರೀ ನಾಟಕ. ಗಂಡಿನ ಕಡೆಯವ್ರ ಫೋನಂತ ಬೀಳ್ತಾಳೆ,” ಎಂದು ಬಂದವರಿಗೆಲ್ಲ ಹೇಳಿದರು. ಬಿದ್ದು ಒಡೆದ ತುಟಿ ಒತ್ತಿ ಹಿಡಿದು ಅವಳು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರ ಸ್ವಂತ ತಂಗಿ, ನಮ್ಮ ಅತ್ತೆ, ಬಾಣಂತಿಯಾಗಿದ್ದಾಗ ಮಗು ಕಿಟಾರನೆ ಅತ್ತದ್ದಕ್ಕೆ ಬೆಚ್ಚಿ ಎದ್ದು, ಅಲ್ಲೇ ಕುಸಿದು ಸತ್ತಿದ್ದರು. ಗಾಳಿ ಸೋಕಿತೆಂದು ಹೇಳಿ ಮನೆಯವರು ಕೈತೊಳೆದುಕೊಂಡಿದ್ದರು.

ತಂಗಿ ಮದುವೆಯಾಗದೆ ಟೀಚರಾದಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಶಾಲೆಯ ಬೆಲ್ಲಿಗೆ ಬಿದ್ದವಳು ಏಳಲಿಲ್ಲ. ಎದುರಿನ ಆಸ್ಪತ್ರೆಯ ನರ್ಸ್ ಓಡಿಬಂದು ಎದೆ ಒತ್ತಿ ಉಳಿಸಿದರು. ಅಲ್ಲಿಂದ ಮಂಗಳೂರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ತಂಗಿಯನ್ನೇ ಕೇಳಿದರು: “ಬೀಳೋ ಮೊದ್ಲು ಏನಾಗ್ತಿತ್ತು?”

ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು! “ಸದ್ದಿಗೆ ಬೆಚ್ತೇನೆ, ಎದೆ ಡವಡವ ಅಂತದೆ, ಆಮೇಲೆ ಕತ್ತಲೆ,” ಎಂದಳು ತಂಗಿ.

ಇಸಿಜಿ ನೋಡಿ ಅವರು ವಿವರಿಸಿದರು: “ಒಂದು ಬಡಿತ ಆದ್ಮೇಲೆ ಮುಂದಿನದಕ್ಕೆ ಸಿದ್ಧ ಆಗ್ಲಿಕ್ಕೆ ಇವರ ಹೃದಯಕ್ಕೆ ಜಾಸ್ತಿ ಹೊತ್ತು ಬೇಕು. ಬೆಚ್ಚಿದ್ರೆ ತಾಳ ತಪ್ತದೆ. ಹುಟ್ಟಿಂದ ಬಂದದ್ದು.” ಅತ್ತೆ ಸತ್ತ ಬಗೆಯನ್ನು ನಾನು ಹೇಳಿದಾಗ, ಅದೂ ಇದೇ ಇರಬಹುದು, ಇದು ವಂಶದಲ್ಲಿ ಹರಿದು ಬರುತ್ತದೆ ಎಂದರು. ಮೂಡಿಗೆರೆಯ ಆ ಡಾಕ್ಟರ ಕೋಣೆಯಲ್ಲೂ ಇಸಿಜಿ ಮೆಷಿನ್ ಇತ್ತು, ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು. ಹುಡುಗಿ ತಾನೇ ಎಂದು ಆ ಬಟ್ಟೆ ಸರಿಸುವಷ್ಟು ತೊಂದರೆಯನ್ನೂ ಅವರು ತೆಗೆದುಕೊಂಡಿರಲಿಲ್ಲ.

ತಂಗಿಗೆ ಮಾತ್ರೆ ಶುರುವಾಯಿತು. ತಾಳ ತಪ್ಪಿದರೆ ಒಳಗಿಂದಲೇ ಶಾಕ್ ಕೊಡುವ ಪುಟ್ಟ ಯಂತ್ರವನ್ನು ಭುಜದ ಕೆಳಗೆ ಕೂರಿಸಿದರು. ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಬೇಕು ಎಂದರು.

“ನಂಗೆಂತ ಆಗಿದೆ?” ಎಂದು ದೊಡ್ಡಪ್ಪ ಗುಡುಗಿದರು.

“ನೀವು ಬರೋದು ಬೇಡ ದೊಡ್ಡಪ್ಪ. ಅಕ್ಕನ್ನ ಕಳಿಸಿ,” ಎಂದಳು ತಂಗಿ. ಅವರ ಮಗಳಾದ ಆ ಅಕ್ಕ ಅಪ್ಪನ ಅಪ್ಪಣೆಗೆ ಕಾಯದೆ ನಮ್ಮ ಜೊತೆ ಬಸ್ಸು ಹತ್ತಿದಳು. ಅವಳ ಇಸಿಜಿಯಲ್ಲೂ ಅದೇ ದೋಷ ಕಂಡಿತು. ಬೀಳುವ ಮೊದಲೇ ಮಾತ್ರೆ ಸಿಕ್ಕಿದವಳು ನಮ್ಮಲ್ಲಿ ಅವಳೊಬ್ಬಳೇ.

ಇಬ್ಬರೂ ಚೆನ್ನಾಗಿದ್ದಾರೆ. ದೊಡ್ಡಪ್ಪ ಮಾತ್ರ ನಾಟಕವೆಂದ ಮಾತನ್ನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ.