ದುರುಗಣ್ಣನಿಗೆ ಹೊದಿಸಿದ ಶಾಲು

ಕೋವಿಡ್ ಕಳೆದು ಊರು ಮತ್ತೆ ಸುಧಾರಿಸಿಕೊಳ್ಳುತ್ತಿದ್ದ ವರ್ಷಗಳವು. ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಸಿಳ್ಳೆ ಊದಿ ಊದಿ ಅರ್ಧ ಆಯುಷ್ಯ ಕಳೆದವನು. ಜೊತೆಗೆ, ಐರಣಿ ಹತ್ತಿರ ತುಂಗಭದ್ರೆಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜಲಕ್ರೀಡಾ ಉತ್ಸವದ ಸಮಿತಿಗೆ ಕಾರ್ಯದರ್ಶಿ. ಕಾರವಾರದ ಕಡೆಯ ಹುಡುಗ ಹುಡುಗಿಯರು ಸಮುದ್ರದ ಆಟಗಳನ್ನು ನಮ್ಮ ಹೊಳೆಗೆ ತರುತ್ತಿದ್ದರು. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು ನಡೆಸುವ ಸಪೂರ ದೋಣಿ. ಅದು ಮಗುಚಿದರೆ ಒಳಗಿದ್ದವರ ತಲೆ ನೀರಿನಡಿ ಹೋಗುತ್ತದೆ. ಅದಕ್ಕೇ ಸ್ಪರ್ಧೆಯ ಉದ್ದಕ್ಕೂ ಸೇಫ್ಟಿ ಬೋಟ್, ಅಂದರೆ ಕಾವಲು ದೋಣಿಗಳು ಬೇಕು. ನಮ್ಮ ಹತ್ತಿರ ಒಂದೇ ಮೋಟಾರ್ ಬೋಟ್ ಇತ್ತು. ಉಳಿದದ್ದೆಲ್ಲ ಐರಣಿಯವರ ತೆಪ್ಪಗಳೇ.

ತೆಪ್ಪದವರಲ್ಲಿ ಹಿರಿಯ ದುರುಗಪ್ಪ, ನನಗೆ ದುರುಗಣ್ಣ. ಮೀನು ಹಿಡಿಯುವುದು, ಆಚೆ ದಂಡೆಯಲ್ಲಿ ಹೊಲ ಇದ್ದವರನ್ನು ದಾಟಿಸುವುದು, ಇದೇ ಅವನ ಬದುಕು. ಮಾತು ಕಡಿಮೆ, ಸಿಟ್ಟು ಜಾಸ್ತಿ. "ನಿಮ್ಮ ಸಿಳ್ಳಿಗೆ ಸಾಲಿ ಹುಡುಗ್ರು ಹೆದರ್ತಾರ, ಹೊಳಿ ಹೆದರೂದಿಲ್ರೀ ಸರ್ರ" ಎಂದು ನನ್ನನ್ನು ಕಾಡಿಸುತ್ತಿದ್ದ.

ಒಂದು ವರ್ಷ ಕೊನೆಯ ಸ್ಪರ್ಧೆಯಲ್ಲಿ ಹುಡುಗಿಯೊಬ್ಬಳ ಕಯಾಕ್ ಮಗುಚಿತು. ಹತ್ತಿರ ಇದ್ದವನು ದುರುಗಣ್ಣ. ತೆಪ್ಪ ತಿರುಗಿಸಿಕೊಂಡು ಹೋಗಿ ಅವಳ ರಟ್ಟೆ ಹಿಡಿದು ಮೇಲೆಳೆದ. ಅಷ್ಟರಲ್ಲಿ ನಮ್ಮ ಮೋಟಾರ್ ಬೋಟೂ ನೆರವಿಗೆಂದು ರಭಸದಿಂದ ಬಂತು. ತೆಪ್ಪದ ಅಂಚು ಹಿಡಿದಿದ್ದ ಅವನ ಬಲಗೈ ಎರಡರ ನಡುವೆ ಸಿಕ್ಕಿ ಜಜ್ಜಿತು. ಹುಡುಗಿ ಉಳಿದಳು. ದುರುಗಣ್ಣನ ಕೈಗೆ ಆಪರೇಷನ್ ಆಯಿತು. ಖರ್ಚನ್ನೆಲ್ಲ ಸಮಿತಿಯೇ ನೋಡಿಕೊಂಡಿತು, ಅದರಲ್ಲಿ ಯಾರೂ ಹಿಂದೆಮುಂದೆ ನೋಡಲಿಲ್ಲ.

ಉತ್ಸವಕ್ಕೆ ನೆರವಾದವರಿಗೆಲ್ಲ ಧನ್ಯವಾದ ಹೇಳುವ ಸಭೆ ಪ್ರತಿವರ್ಷ ಇರುತ್ತಿತ್ತು. ಸಮಿತಿಯ ಅಧ್ಯಕ್ಷರು ಬೀಜದ ವ್ಯಾಪಾರಿ ವೀರಬಸಪ್ಪನವರು. ಮನುಷ್ಯ ಒಳ್ಳೆಯವರು, ಏನೇ ಮಾಡಿದರೂ ಕೈಬಿಚ್ಚಿ ಮಾಡುವವರು. "ಈ ಸಲ ಉಳಿದವರದೆಲ್ಲ ಆಮ್ಯಾಲೆ. ಮೊದಲ ದುರುಗಪ್ಪಂದು. ಊರ ಮಂದಿ ನೆನಸಬೇಕು, ಹಂಗ ಮಾಡೂಣು" ಎಂದರು. ನನಗೂ ಹಿಗ್ಗಾಯಿತು.

ಕರೆಯಲು ಹೋದಾಗ ದುರುಗಣ್ಣ ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ದಾಟಲು ಬಂದವರು ಬೇರೆ ತೆಪ್ಪ ಹತ್ತುತ್ತಿದ್ದರು. ಕೇಳಿದವರಿಗೆಲ್ಲ ಅವನದು ಒಂದೇ ಮಾತು: "ಆರಾಮ ಆಗಾಕತ್ತೈತಿ, ಇನ್ನಷ್ಟು ದಿನಾ ತಡೀರಿ." ಹೊಳೆಯ ಮೇಲೆ ತನ್ನ ಜಾಗ ಹೋಗಬಾರದು ಎಂಬುದೊಂದೇ ಅವನ ಚಿಂತೆ.

ಸಭೆಯ ದಿನ ರಾಣೆಬೆನ್ನೂರಿನ ಸಭಾಭವನದ ಮುಂದೆ ಹೂ ಕಟ್ಟಿದ ಜೀಪ್ ನಿಂತಿತ್ತು, ಪಕ್ಕದಲ್ಲಿ ಬ್ಯಾಂಡಿನವರು. ನಮ್ಮ ಕಡೆ ಮಾಸ್ತರರು ನಿವೃತ್ತರಾದಾಗ ಹೀಗೇ ರುಮಾಲು ಸುತ್ತಿ, ಶಾಲು ಹೊದಿಸಿ, ಜೀಪಿನಲ್ಲಿ ಮೆರೆಸಿ ಮನೆ ಮುಟ್ಟಿಸುತ್ತೇವೆ. ಎಷ್ಟೋ ಜನರನ್ನು ಹಾಗೆ ಕಳಿಸಿ ಬಂದವನು ನಾನು. "ಸಾಹುಕಾರ್ರ, ಇದು ರಿಟೈರ್ಮೆಂಟಿಂದ ಆತಲ್ರೀ" ಎಂದೆ. "ನಿಮ್ಮದೊಂದು. ಮರ್ಯಾದಿ ಅಂದ್ರ ಮರ್ಯಾದಿ" ಎಂದು ಅವರು ನಕ್ಕುಬಿಟ್ಟರು.

ವೇದಿಕೆಯ ಮೇಲೆ ದುರುಗಣ್ಣನಿಗೆ ರುಮಾಲು ಸುತ್ತಿದರು, ಮಾಲೆ ಹಾಕಿದರು, ಶಾಲು ಹೊದಿಸಿದರು. ಐರಣಿಯಿಂದ ಬಂದವರೆಲ್ಲ ಚಪ್ಪಾಳೆ ಹೊಡೆದರು. ವೀರಬಸಪ್ಪನವರು ಕಣ್ಣು ತುಂಬಿಕೊಂಡೇ ಮಾತನಾಡಿದರು: "ದುರುಗಪ್ಪ ದುಡದದ್ದು ಸಾಕು. ಇನ್ನರ ಆರಾಮ ಕುಂದರ್ಲಿ."

ದುರುಗಣ್ಣ ಎದ್ದ. ಶಾಲು ತೆಗೆದು, ಒಂದೇ ಕೈಯಲ್ಲಿ ಹೇಗೋ ಮಡಚಿ ಮೇಜಿನ ಮೇಲಿಟ್ಟ. ಮೈಕಿನ ಹತ್ತಿರ ಬಂದು, "ಹೊಳಿ ನನಗಿನ್ನೂ ಸಾಕು ಅಂದಿಲ್ರೀ ಸಾಹುಕಾರ್ರ" ಎಂದವನೇ ಇಳಿದು ಹೊರಗೆ ನಡೆದ. ಬ್ಯಾಂಡಿನವರಿಗೆ ಏನು ತಿಳಿಯಬೇಕು, ಅವನನ್ನು ಕಂಡೊಡನೆ ಬಾರಿಸಲು ಶುರುಮಾಡಿದರು. ಅವರ ನಡುವೆಯೇ ಹಾದು ಅವನು ಬಸ್ ಸ್ಟ್ಯಾಂಡಿನ ಕಡೆ ಹೋದ. ಸಭೆ ತಣ್ಣಗಾಯಿತು. ನಾನು ಉಳಿದವರ ಹೆಸರು ಓದಿ, ಒಬ್ಬೊಬ್ಬರಿಗೂ ಹಾರ ಹಾಕಿಸಿ ಮುಗಿಸಿದೆ.

ಮರುದಿನ ಐರಣಿಗೆ ಹೋದೆ. ದುರುಗಣ್ಣನ ಹೆಂಡತಿ ನೀಲವ್ವ ಚಹಾ ಕೊಟ್ಟು, ತಡೆಯಲಾರದೆ ಹೇಳಿಯೇಬಿಟ್ಟಳು: "ನಿನ್ನೆ ಸಂಜಿಕೆ ಮಂದಿ ಬಂದು, ಬಿಡಾಂವ ಇದ್ರ ತೆಪ್ಪಾ ನಮಗ ಕೊಡು ಅಂತ ಕೇಳ್ಯಾರ್ರೀ. ಹೊಳ್ಯಾಗಿಂದು ಮುಗೀತು ಅಂತ ನೀವ ಸಾರಿದಂಗಾತಲ್ರೀ."

ನಾನು ಚಹಾದ ಲೋಟ ಕೆಳಗಿಟ್ಟು, "ದುರುಗಣ್ಣ, ಕೈ ಖರೇ ಹೆಂಗೈತಿ?" ಎಂದೆ. ಇಷ್ಟು ದಿನ ಹಾಗೆ ನೇರವಾಗಿ ಯಾರೂ ಕೇಳಿರಲಿಲ್ಲವೇನೋ. ಅವನು ಬಟ್ಟೆ ಬಿಚ್ಚಿದ. ಎರಡು ಬೆರಳು ಮಡಚುತ್ತಲೇ ಇರಲಿಲ್ಲ. ಆ ಕೈಯಿಂದ ಹುಟ್ಟು ಹಾಕುವುದು ಸಾಧ್ಯವಿಲ್ಲ ಎಂದು ನನಗೂ ಕಂಡಿತು.

"ಆಗಾಂಗಿಲ್ರೀ. ನನಗ ಗೊತ್ತೈತಿ" ಎಂದ. ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಂಡ. "ಆದರ ಆ ಮಾತು ನಾ ಹೇಳಬೇಕಿತ್ರೀ ಸರ್ರ."

ಮರುವರ್ಷದ ಉತ್ಸವ ಹತ್ತಿರ ಬಂದಾಗ, ಕಾವಲಿಗೆ ಯಾರನ್ನು ನಿಲ್ಲಿಸೋಣ ಎಂದು ಅವನನ್ನೇ ಕೇಳಲು ಮತ್ತೆ ಹೋದೆ. ಬಾಗಿಲಲ್ಲೇ ನಿಂತು, "ಯಾರನ್ನರ ನಿಲ್ಲಸ್ರಿ, ನನ್ನ ಕೇಳಬ್ಯಾಡ್ರಿ" ಎಂದ. ಒಳಗೆ ಕರೆಯಲಿಲ್ಲ.

ನಾನೂ ಈಗ ನಿವೃತ್ತ. ನನ್ನನ್ನು ಜೀಪಿನಲ್ಲಿ ಮೆರೆಸಿದರು, ನಾನು ನಗುತ್ತ ಕೂತೆ, ಏಕೆಂದರೆ ಆ ದಿನ ಬರುವುದು ನನಗೆ ಮೊದಲೇ ಗೊತ್ತಿತ್ತು. ಇಂದಿಗೂ ಯಾವುದಾದರೂ ಸಮಿತಿಯವರು ಯಾರಿಗೋ ಸನ್ಮಾನ ಎಂದು ನನ್ನ ಸಲಹೆ ಕೇಳಿದರೆ, ಶಾಲು ತರುವ ಮೊದಲು ಅವರ ಮನೆಗೆ ಹೋಗಿ ಮುಂದಿನ ವರ್ಷ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿ ಬನ್ನಿ ಎನ್ನುತ್ತೇನೆ. ಬರುತ್ತೇನೆ, ಇಲ್ಲ ಎನ್ನುವುದು ಅವರಿಗೆ ಬಿಟ್ಟದ್ದು. ದುರುಗಣ್ಣನಿಗೆ ನಾವು ಕೊಡಬೇಕಿದ್ದದ್ದು ಅದೊಂದೇ, ಕೊಡದೇ ಬಿಟ್ಟದ್ದೂ ಅದೊಂದೇ.