ದೊಡ್ಡಮ್ಮನ ಕೈನೋವು

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದೊಡ್ಡಮ್ಮನ ಬಲಗೈ ಹೆಬ್ಬೆರಳು ಕಪ್ಪಗೆ, ಅಂಟಂಟಾಗಿರುತ್ತಿತ್ತು. ಹಣ್ಣಿನ ಆ ಕರೆ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅದೇ ಬೆರಳಿನಿಂದ ಬೆಳಿಗ್ಗೆ ನನ್ನ ಬೈತಲೆ ತೆಗೆದು, ಕೊಬ್ಬರಿ ಎಣ್ಣೆ ತಟ್ಟಿ ಎರಡು ಜಡೆ ಹೆಣೆದಳೆಂದರೆ ಸಂಜೆಯವರೆಗೂ ಒಂದು ಕೂದಲು ಅಲುಗುತ್ತಿರಲಿಲ್ಲ. ಹುಬ್ಬು ಮೇಲಕ್ಕೇರುವಷ್ಟು ಬಿಗಿ! ಅತ್ತರೆ, "ಸುಮ್ನೆ ಕೂರೇ ಮಾರಾಯ್ತಿ, ಜಡೆ ನೋಡಿ ಯಾರೂ ತಾಯಿ ಇಲ್ಲದ್ ಮಗು ಅನ್ಬಾರ್ದು" ಎನ್ನುತ್ತಿದ್ದಳು.

ತಾಯಿ ಇದ್ದಳು, ಕುವೈತಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲಿ ಮನೆಗೆಲಸಕ್ಕೆ ಹೋದಾಗ ನನಗೆ ನಾಲ್ಕು ವರ್ಷ. ಅಮ್ಮನ ಅಕ್ಕನೇ ಈ ದೊಡ್ಡಮ್ಮ. ಮಕ್ಕಳಿಲ್ಲದ ಅವಳು ನನ್ನನ್ನು ಆಲ್ದೂರು ಹತ್ತಿರದ ಎಸ್ಟೇಟಿನಲ್ಲಿ ಕೂಲಿಯವರ ಸಾಲಿನ ತನ್ನ ಲೈನ್‌ಮನೆಗೆ ಕರೆತಂದಳು. ಊಟಕ್ಕೆ ಕೂತಾಗ ಪ್ರತಿದಿನ ಒಂದೇ ಪ್ರಶ್ನೆ: "ಈ ಅನ್ನ ಯಾರ್ದು?" "ಅಮ್ಮಂದು" ಎನ್ನದಿದ್ದರೆ ತಟ್ಟೆಗೆ ಸಾರು ಬೀಳುತ್ತಿರಲಿಲ್ಲ.

"ಬೇಯ್ಸಿದ್ದು ನೀನಲ್ವಾ?" ಎಂದು ನಾನು ವಾದಿಸಿದರೆ, "ಬೇಯ್ಸೋದೇನ್ ಮಹಾ! ನಿನ್ನ ಬಿಟ್ಟು ಅವ್ಳು ಅಲ್ಲಿ ಯಾರ್ದೋ ಮಕ್ಕಳಿಗೆ ಉಣಿಸ್ತಿದಾಳಲ್ಲ, ಅದು ಕಷ್ಟ" ಎನ್ನುತ್ತಿದ್ದಳು.

ಐದು ವರ್ಷದ ಮೇಲೆ ಅಮ್ಮ ವಾಪಸು ಬಂದಳು. ನನಗೋ ಆಕೆ ಫೋನಿನೊಳಗಿನ ಹೆಂಗಸು. ಹತ್ತಿರ ಕರೆದರೆ ದೊಡ್ಡಮ್ಮನ ಸೆರಗಿನ ಹಿಂದೆ ಅಡಗಿದೆ. ತಂದಿದ್ದ ಫ್ರಾಕನ್ನು ಮುಟ್ಟಲೂ ಇಲ್ಲ. ಅಮ್ಮನ ಮುಖ ಬಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬಾಚಣಿಗೆ ಹಿಡಿದು ದೊಡ್ಡಮ್ಮನ ಮುಂದೆ ಕೂತೆ. ಅವಳ ಬಲ ಮಣಿಕಟ್ಟಿಗೆ ಹಳೇ ಸೀರೆಯ ಚೂರು ಸುತ್ತಿತ್ತು. "ಕೈ ಎತ್ತಕ್ಕೇ ಆಗ್ತಿಲ್ಲ ಕಣೇ. ಅಮ್ಮನ ಹತ್ರ ಹಾಕಿಸ್ಕೋ."

ಅಮ್ಮ ಹಾಕಿದ ಜಡೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಅಳುತ್ತಲೇ ಶಾಲೆಗೆ ಹೋದೆ. ಸಂಜೆ ಬರುವಾಗ, ಹಣ್ಣು ತೂಗುವ ಕಡೆಯಿಂದ ಮೇಸ್ತ್ರಿಯ ದನಿ ಕೇಳಿಸಿತು: "ಇವತ್ತೂ ನಿಂದೇ ಎಲ್ರಿಗಿಂತ ಜಾಸ್ತಿ ಕಣಮ್ಮ!" ನೋಡಿದರೆ ದೊಡ್ಡಮ್ಮ! ಆ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಟೆ ಎತ್ತುತ್ತಿದ್ದಾಳೆ. ನನ್ನನ್ನು ಕಂಡವಳೇ ಮೂಟೆ ಇಳಿಸಿ, ಬಟ್ಟೆ ಸುತ್ತಿಕೊಂಡು, "ಅಯ್ಯಮ್ಮಾ" ಎಂದು ನರಳಿದಳು.

ನನ್ನನ್ನು ದೂರ ತಳ್ಳಿದಳೆಂದು ಮೂರು ದಿನ ಮಾತು ಬಿಟ್ಟೆ. ಆದರೆ ಜಡೆಗಾಗಿ ದಿನವೂ ಅಮ್ಮನ ಮುಂದೆ ಕೂರಲೇಬೇಕಿತ್ತು. ಹೆಣೆಯುತ್ತಾ ಅಮ್ಮ ಮರಳುಗಾಡಿನ ಊರಿನ ಕತೆ ಹೇಳುತ್ತಿದ್ದಳು. ಮುಂಗಾರು ಹಿಡಿಯುವ ಹೊತ್ತಿಗೆ ಜಡೆಗಳು ಸಮಕ್ಕೆ ಬಂದಿದ್ದವು, ನಾನು ಅಮ್ಮನನ್ನು ಬಿಟ್ಟು ಮಲಗುತ್ತಿರಲಿಲ್ಲ. ದೊಡ್ಡಮ್ಮನ ಕೈ ಮಾತ್ರ ವಾಸಿಯಾಗಲಿಲ್ಲ. ಬಾಚಣಿಗೆ ಕಂಡರೆ ಸಾಕು, ವರ್ಷಗಟ್ಟಲೆ ಅದಕ್ಕೆ ನೋವು ಬರುತ್ತಲೇ ಇತ್ತು.

ಹೋದ ವರ್ಷ ನನ್ನ ಮದುವೆ. ದೊಡ್ಡಮ್ಮ ಮಲ್ಲಿಗೆ ದಂಡೆಯನ್ನು ಅಮ್ಮನ ಕೈಗಿಟ್ಟು, ಅಭ್ಯಾಸದಂತೆ ಮಣಿಕಟ್ಟು ಒತ್ತಿಕೊಳ್ಳುತ್ತಾ ಬಾಗಿಲ ಕಡೆ ಹೊರಟಳು. ಅಮ್ಮ ಅಡ್ಡ ನಿಂತು ಬಾಚಣಿಗೆ ಚಾಚಿದಳು.

"ಅಕ್ಕಾ, ನಿನ್ ಕೈನೋವು ಏನೂಂತ ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು. ನನ್ ಮಗಳನ್ನ ನಂಗೆ ವಾಪಸ್ ಕೊಟ್ಟ ಕೈ ಅದು. ಇವತ್ತೊಂದಿನ ವಾಸಿ ಮಾಡ್ಕೋ."

ದೊಡ್ಡಮ್ಮ ಬಾಚಣಿಗೆ ಹಿಡಿದು ನನ್ನ ಹಿಂದೆ ಕೂತು ಬೈತಲೆ ತೆಗೆದಳು. ಅದೇ ಹಳೆಯ ಬಿಗಿ. ನನ್ನ ಕಣ್ಣಲ್ಲಿ ನೀರು ಬಂತು.

"ಸುಮ್ನೆ ಕೂರೇ ಮಾರಾಯ್ತಿ" ಎಂದಳು, ತಾನೇ ಅಳುತ್ತಾ.